ಗೃಹಸ್ಥನೂ ಷೇರುಪೇಟೆಯೂ

ರಾಜಾಜಿನಗರದ ಗೃಹಸ್ಥನು ಒಂದು ನಿವೇಶನವನ್ನು ಕೊಳ್ಳಹೊರಟನೆಂದರೆ ಎಷ್ಟು ಜಾಗರೂಕನಾಗಿರುವನೆಂಬುದು ವಾಚಕರಿಗೆ ತಿಳಿದ ವಿಷಯವೇ. ಮೂಲಪತ್ರವನ್ನು ತರಿಸಿ ಓದುವನು. ಋಣಭಾರ ಪತ್ರವನ್ನು ಪಡೆದು ಆ ಸ್ಥಳದ ಮೇಲೆ ಯಾರ ಸಾಲವಾದರೂ ಉಂಟೇ ಎಂದು ಪರೀಕ್ಷಿಸುವನು. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಸಂದಾಯವಾಗಿದೆಯೇ ಎಂದು ವಿಚಾರಿಸುವನು. ವಕೀಲರ ಅಭಿಪ್ರಾಯವನ್ನು ಕೇಳುವನು. ಮಳೆ ಬಿದ್ದ ಮರುದಿನ ಹೋಗಿ ಅಲ್ಲಿ ನೀರು ನಿಲ್ಲುವುದೇ ಎಂದು ನೋಡಿಬರುವವರೂ ಉಂಟು. ಮನೆಯಾಕೆ ಒಪ್ಪದೆ ಮುಂಗಡ ಕೊಡುವವರು ವಿರಳ. ಇಷ್ಟು ವಿವೇಕವುಳ್ಳ ಗೃಹಸ್ಥನೇ ಷೇರನ್ನು ಕೊಳ್ಳುವಾಗ ಮಾತ್ರ, ಕಚೇರಿಯ ಮಿತ್ರನು ಕಾಫಿ ಕುಡಿಯುತ್ತ ಉಸುರಿದ ಹೆಸರೊಂದನ್ನು ನಂಬಿ, ಮೊಬೈಲಿನ ಮೇಲೆ ಬೆರಳಾಡಿಸಿ, ಮೂರು ನಿಮಿಷಗಳಲ್ಲಿ ವರ್ಷದ ಉಳಿತಾಯವನ್ನು ಕೊಟ್ಟುಬಿಡುವನು. ನಿವೇಶನಕ್ಕೆ ಮೂರು ತಿಂಗಳು, ಷೇರಿಗೆ ಮೂರು ನಿಮಿಷ! ಷೇರುಪೇಟೆಯಲ್ಲಿ ಸಂಸಾರಗಳಿಗೆ ಒದಗುವ ಬಹುಪಾಲು ಕಷ್ಟಕ್ಕೆ ಈ ಅಂತರವೇ ಕಾರಣವೆಂದು ನಮಗೆ ತೋರುತ್ತದೆ. ಹೊಸದಾಗಿ ಈ ದಾರಿಗೆ ಕಾಲಿಡಬೇಕೆಂದಿರುವ ಗೃಹಸ್ಥರು ಹೇಗೆ ನಡೆದರೆ ಕ್ಷೇಮವೆಂಬುದನ್ನು ಪ್ರಕೃತ ವಿಚಾರಿಸೋಣ.

ಮೊದಲು ಷೇರು ಎಂದರೇನು? ಪಾಲು, ಅಷ್ಟೆ. ಒಂದು ಉದ್ಯಮದ ಒಡೆತನವನ್ನು ಸಾವಿರಾರು ಸಣ್ಣ ಪಾಲುಗಳಾಗಿ ಮಾಡಿ, ಹಣ ಕೊಟ್ಟವರಿಗೆ ಹಂಚಿರುವರು. ಉದ್ಯಮವು ಲಾಭ ಮಾಡಿದರೆ ಪಾಲುದಾರನಿಗೆ ಲಾಭಾಂಶ ಬರಬಹುದು, ಪಾಲಿನ ಬೆಲೆಯೂ ಏರಬಹುದು. ಉದ್ಯಮವು ಮುಳುಗಿದರೆ ಸಾಲಗಾರರಿಗೆಲ್ಲ ಕೊಟ್ಟು ಮಿಕ್ಕುದು ಮಾತ್ರ ಅವನದು, ಅನೇಕ ವೇಳೆ ಏನೂ ಮಿಗುವುದಿಲ್ಲ. ಬ್ಯಾಂಕಿನ ಠೇವಣಿಗೂ ಇದಕ್ಕೂ ಇರುವ ಭೇದವು ಇದೇ. ಠೇವಣಿದಾರನಿಗೆ ಗೊತ್ತಾದ ಬಡ್ಡಿಯುಂಟು; 2020ರ ಫೆಬ್ರವರಿಯಿಂದ ಒಂದೊಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯೂ ಉಂಟು. ಷೇರಿಗೆ ಇಂತಹ ಯಾವ ಭರವಸೆಯೂ ಇಲ್ಲ.

ರಾಜಾಜಿನಗರದವರಿಗೆ ಈ ವಿಷಯವು ದೂರದ್ದಲ್ಲ. ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ 1949ರಲ್ಲಿ ಆರಂಭವಾದ ಈ ಬಡಾವಣೆಯು ಮೊದಲಿನಿಂದಲೂ ಕಾರ್ಖಾನೆಗಳ ನೆರೆಯಲ್ಲಿ ಬೆಳೆದುದು. 1946ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿಯು ಬಹುಕಾಲ ಈ ಮಗ್ಗುಲಲ್ಲೇ ಕೆಲಸ ನಡೆಯಿಸಿತು. ಅದು ಷೇರುಪೇಟೆಯಲ್ಲಿ ಹೆಸರು ದಾಖಲಾದ ಕಂಪೆನಿ. ಅದರ ಪಾಲನ್ನು ಯಾರು ಬೇಕಾದರೂ ಕೊಳ್ಳಬಹುದು. ಗಂಧದ ಸಾಬೂನಿನ ಕಾರ್ಖಾನೆಯ ಪರಿಮಳವು ನಮ್ಮೆಲ್ಲರಿಗೂ ಪರಿಚಿತ. ಆದರೆ ಅದು ಕರ್ನಾಟಕ ಸರ್ಕಾರದ ಸ್ವತ್ತಾದುದರಿಂದ ಅದರ ಸಾಬೂನು ಪೇಟೆಯಲ್ಲಿ ದೊರೆಯುವುದೇ ಹೊರತು ಷೇರು ದೊರೆಯದು. ವಸ್ತು ಚೆನ್ನಾಗಿದೆಯೆಂಬುದು ಒಂದು ಮಾತು. ಅದನ್ನು ಮಾಡುವ ಉದ್ಯಮದ ಪಾಲು ಸಿಕ್ಕುವುದೇ, ಸಿಕ್ಕಿದರೆ ಆ ಬೆಲೆಗೆ ಕೊಳ್ಳಲು ಯೋಗ್ಯವೇ ಎಂಬುದು ಬೇರೊಂದು ಮಾತು.

ಬೆಂಗಳೂರಿನವೇ ಆದ ಎರಡು ಕಂಪೆನಿಗಳ ಕಥೆಯನ್ನು ಒಟ್ಟಿಗೆ ನೋಡಿದರೆ ವಿಷಯವು ವಿಶದವಾಗುವುದು. 1993ರಲ್ಲಿ ಇನ್ಫೋಸಿಸ್ ಕಂಪೆನಿಯು ತನ್ನ ಷೇರುಗಳನ್ನು ತಲಾ 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಎಲ್ಲ ಷೇರುಗಳಿಗೂ ಕೊಳ್ಳುವವರು ಬರಲಿಲ್ಲ. ಅಂದು 9,500 ರೂಪಾಯಿ ಕೊಟ್ಟು 100 ಷೇರು ಕೊಂಡು, ಒಂದನ್ನೂ ಮಾರದೆ ಇಟ್ಟುಕೊಂಡವನಲ್ಲಿ, ಕಂಪೆನಿಯು ಕಾಲಕಾಲಕ್ಕೆ ಕೊಟ್ಟ ಬೋನಸ್ ಷೇರುಗಳೂ ಷೇರಿನ ವಿಭಜನೆಯೂ ಸೇರಿ 2018ರ ವೇಳೆಗೆ 1,02,400 ಷೇರುಗಳಾದವು. ಈ ಕಥೆಯನ್ನು ಎಲ್ಲರೂ ಹೇಳುವರು. ಆದರೆ ನಡುವೆ 2003ರ ಏಪ್ರಿಲಿನಲ್ಲಿ ಒಂದೇ ದಿನ ಈ ಷೇರಿನ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತೆಂಬುದನ್ನು ಹೇಳುವವರು ಕಡಮೆ. ಅಂತಹ ದಿನಗಳನ್ನು ತಾಳಿಕೊಂಡವರಿಗೆ ಮಾತ್ರ ಮೇಲಿನ ಲೆಕ್ಕವು ಸಲ್ಲುವುದು.

ಇನ್ನೊಂದು, ಇದೇ ನಗರದ ಕಿಂಗ್‌ಫಿಷರ್ ವಿಮಾನ ಕಂಪೆನಿ. 2005ರಲ್ಲಿ ಹಾರಾಟವನ್ನಾರಂಭಿಸಿದ ಅದರ ವೈಭವವನ್ನು ಕಂಡು ಮರುಳಾಗದವರು ಇರಲಿಲ್ಲ. ವರ್ಷ ವರ್ಷವೂ ನಷ್ಟವನ್ನೇ ತೋರಿಸುತ್ತ, ಸಾಲದ ಮೇಲೆ ಸಾಲ ಬೆಳೆಯಿಸುತ್ತ, 2012ರ ಅಕ್ಟೋಬರಿನಲ್ಲಿ ಅದು ನಿಂತುಹೋಯಿತು. ಪಾಲುದಾರರ ಹಣವು ಅದರೊಂದಿಗೆ ಹೋಯಿತು. ನಷ್ಟವೂ ಸಾಲವೂ ಗುಟ್ಟಾಗಿರಲಿಲ್ಲ. ಕಂಪೆನಿಯೇ ಪ್ರಕಟಿಸುತ್ತಿದ್ದ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿದ್ದವು. ಓದಿದವರು ಸ್ವಲ್ಪ ಮಂದಿ.

ಇದರಿಂದ ತಿಳಿಯಬೇಕಾದುದೇನೆಂದರೆ, ಷೇರಿಗೂ ಮೂಲಪತ್ರವುಂಟು, ಋಣಭಾರ ಪತ್ರವುಂಟು. ವಾರ್ಷಿಕ ವರದಿಯೇ ಅದು. ಹಣ ಕೊಡದೆ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಐದು ಸಂಗತಿಗಳನ್ನು ಹುಡುಕತಕ್ಕದ್ದು. ಕಳೆದ ಐದಾರು ವರ್ಷಗಳಲ್ಲಿ ಲಾಭವು ಏರಿದೆಯೇ, ಇಳಿದಿದೆಯೇ? ಸಾಲವು ಬೆಳೆಯುತ್ತಿದೆಯೇ? ಪುಸ್ತಕದಲ್ಲಿ ತೋರಿಸಿದ ಲಾಭವು ನಗದಾಗಿ ಕೈಗೆ ಬಂದಿದೆಯೇ? ಕಂಪೆನಿಯನ್ನು ನಡೆಸುವ ಪ್ರವರ್ತಕರು ತಮ್ಮ ಷೇರುಗಳನ್ನೇ ಒತ್ತೆಯಿಟ್ಟು ಸಾಲ ತೆಗೆದಿರುವರೇ? ಲೆಕ್ಕ ಪರಿಶೋಧಕರು ಏನಾದರೂ ಆಕ್ಷೇಪಣೆ ಬರೆದಿರುವರೇ? ಈ ಐದಕ್ಕೂ ಉತ್ತರವನ್ನು ತಾನೇ ಓದಿ ತಿಳಿಯಲಾರದವನು ಆ ಷೇರನ್ನು ಬಿಡುವುದೇ ಮೇಲು. ಬಿಟ್ಟುದರಿಂದ ಯಾರ ಮನೆಯೂ ಹಾಳಾದುದಿಲ್ಲ.

ಪೇಟೆಗೆ ಹೋಗುವ ಮುನ್ನ ಮನೆಯ ಕಡೆ ತಿರುಗಿ ನೋಡಬೇಕು. ಆರು ತಿಂಗಳ ಸಂಸಾರದ ವೆಚ್ಚವಾದರೂ ಬ್ಯಾಂಕಿನಲ್ಲಿರಲಿ. ಆರೋಗ್ಯ ವಿಮೆಯೂ, ದುಡಿಯುವವರ ಜೀವವಿಮೆಯೂ ಆಗಿರಲಿ. ಕ್ರೆಡಿಟ್ ಕಾರ್ಡಿನ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೇಲ್ಪಟ್ಟ ಬಡ್ಡಿ ಬೀಳುವುದು ಸಾಮಾನ್ಯವಾದುದರಿಂದ, ಅಂತಹ ಸಾಲವನ್ನು ತೀರಿಸುವುದಕ್ಕಿಂತ ಉತ್ತಮವಾದ ಹೂಡಿಕೆ ಇನ್ನೊಂದಿಲ್ಲ. ಎರಡು ವರ್ಷಗಳಲ್ಲಿ ಮಗಳ ಮದುವೆಗೋ ಮಗನ ಕಾಲೇಜಿಗೋ ಬೇಕಾಗುವ ಹಣವನ್ನು ಷೇರಿಗೆ ಹಾಕಲಾಗದು. ನಿವೃತ್ತರಾದವರು ಒಟ್ಟಾಗಿ ಬಂದ ಗಂಟನ್ನು ಒಮ್ಮೆಗೇ ಅಲ್ಲಿಗೆ ಒಯ್ಯುವುದಂತೂ ಕೂಡದು. ಹೋದ ಹಣವನ್ನು ಮತ್ತೆ ದುಡಿಯುವ ಕಾಲವು ಅವರಿಗೆ ಉಳಿದಿರುವುದಿಲ್ಲ. ಏಳೆಂಟು ವರ್ಷ ಕೈಹಾಕದೆ ಬಿಡಬಹುದಾದ ಹಣ ಮಾತ್ರ ಷೇರುಪೇಟೆಗೆ ತಕ್ಕುದು.

ಈ ಕಾಲಾವಧಿಯನ್ನು ಏತಕ್ಕೆ ಹೇಳಿದೆವೆಂದರೆ, ಪೇಟೆಯು ಬೀಳುವುದುಂಟು, ಬಿದ್ದರೆ ಮೆಲ್ಲಗೆ ಬೀಳುವುದಿಲ್ಲ. ಮುಂಬಯಿಯ 30 ದೊಡ್ಡ ಕಂಪೆನಿಗಳ ಬೆಲೆಯನ್ನು ಅಳೆಯುವ ಸೆನ್ಸೆಕ್ಸ್ ಸೂಚ್ಯಂಕವು 2008ರ ಜನವರಿಯಲ್ಲಿ ಸುಮಾರು 21,000ದಲ್ಲಿದ್ದುದು 2009ರ ಮಾರ್ಚಿಯಲ್ಲಿ 8,000ದ ಸಮೀಪಕ್ಕೆ ಇಳಿಯಿತು. ಮೊದಲಿನ ಮಟ್ಟವನ್ನು ಮತ್ತೆ ಮುಟ್ಟಿದುದು 2010ರ ನವೆಂಬರಿನಲ್ಲಿ. 2020ರ ಜನವರಿಯಲ್ಲಿ 42,000ವನ್ನು ಕಂಡುದು ಕೊರೋನಾ ಸೋಂಕಿನ ಭಯದಿಂದ ಮಾರ್ಚಿಯಲ್ಲಿ 26,000ಕ್ಕೆ ಇಳಿದು, ನವೆಂಬರಿನಲ್ಲಿ ಮತ್ತೆ ಅಷ್ಟಾಯಿತು. ಒಂದು ಸಲ ಮೂರು ವರ್ಷ, ಇನ್ನೊಂದು ಸಲ ಹತ್ತು ತಿಂಗಳು. ಮುಂದಿನ ಸಲ ಎಷ್ಟೆಂದು ಯಾರೂ ಹೇಳಲಾರರು. ತಾಳಿದವನು ಬಾಳಿಯಾನು ಎಂಬ ಗಾದೆಯು ಇಲ್ಲಿಗೆ ಸಲ್ಲುವುದು ನಿಜ. ಆದರೆ ಮನೆಯ ಬಾಡಿಗೆಯ ಹಣವನ್ನು ಹೂಡಿದವನಿಗೆ ತಾಳುವ ಶಕ್ತಿ ಎಲ್ಲಿಂದ ಬಂದೀತು?

ಇನ್ನು ಕೊಳ್ಳುವ ಕ್ರಮ. 1963ರಲ್ಲಿ ಸ್ಥಾಪಿತವಾದ ಬೆಂಗಳೂರು ಷೇರು ವಿನಿಮಯ ಕೇಂದ್ರವು 2014ರಲ್ಲಿ ತನ್ನ ಕಾರ್ಯವನ್ನು ಮುಗಿಸಿತು. ಈಗ ವ್ಯಾಪಾರವೆಲ್ಲ ಬಹುಮಟ್ಟಿಗೆ ಮುಂಬಯಿಯ ಎರಡು ಪೇಟೆಗಳಲ್ಲಿ, 1875ರ ಹಳೆಯ ಬೊಂಬಾಯಿ ಪೇಟೆಯಲ್ಲಿಯೂ 1994ರಲ್ಲಿ ವ್ಯಾಪಾರವನ್ನಾರಂಭಿಸಿದ ರಾಷ್ಟ್ರೀಯ ಪೇಟೆಯಲ್ಲಿಯೂ, ವಿದ್ಯುನ್ಮಾರ್ಗವಾಗಿ ನಡೆಯುವುದು. ಹಾಗಾಗಿ ರಾಜಾಜಿನಗರದಲ್ಲಿ ಕುಳಿತವನಿಗೂ ಮುಂಬಯಿಯಲ್ಲಿ ಕುಳಿತವನಿಗೂ ಭೇದವಿಲ್ಲ. ಬೇಕಾದುವು ಮೂರು: ಬ್ಯಾಂಕಿನ ಖಾತೆ, ಷೇರುಗಳನ್ನು ಜಮೆಯಿಡುವ ಡಿಮ್ಯಾಟ್ ಖಾತೆ, ಕೊಳ್ಳುವ ಮಾರುವ ಕೆಲಸಕ್ಕೆ ದಲ್ಲಾಳಿಯಲ್ಲೊಂದು ಖಾತೆ. ಪ್ಯಾನ್ ಮತ್ತು ಆಧಾರ್ ಪತ್ರಗಳಿದ್ದರೆ ಇವನ್ನು ತೆರೆಯುವುದು ಕಷ್ಟವಲ್ಲ. ದಲ್ಲಾಳಿಯು ಸೆಬಿ ಎಂಬ ಸರ್ಕಾರಿ ನಿಯಂತ್ರಣ ಮಂಡಲಿಯಲ್ಲಿ ನೋಂದಾಯಿತನೇ ಎಂಬುದನ್ನು ಆ ಮಂಡಲಿಯ ಪಟ್ಟಿಯಲ್ಲಿಯೇ ನೋಡಿಕೊಳ್ಳಬೇಕು. ಕೊಂಡ ಷೇರು ಮರುದಿನದ ವ್ಯವಹಾರದಲ್ಲಿ ತನ್ನ ಹೆಸರಿಗೆ ಬರುವುದು. ಬಂದಿದೆಯೇ ಎಂದು ಡಿಮ್ಯಾಟ್ ಸಂಸ್ಥೆಯು ಕಳುಹಿಸುವ ಲೆಕ್ಕಪತ್ರದಲ್ಲಿ ತಿಂಗಳಿಗೊಮ್ಮೆಯಾದರೂ ನೋಡತಕ್ಕದ್ದು. ಖಾತೆಯ ಗುಪ್ತಸಂಖ್ಯೆಯನ್ನು ಎಂತಹ ಆಪ್ತನಿಗೂ ಕೊಡಲಾಗದು.

ವಾರ್ಷಿಕ ವರದಿ ಓದಲು ವೇಳೆಯೂ ಅಭ್ಯಾಸವೂ ಇಲ್ಲದ ಗೃಹಸ್ಥನು ಏನು ಮಾಡಬೇಕು? ಅವನಿಗೆ ಮ್ಯೂಚುಯಲ್ ಫಂಡ್ ಉಂಟು. ಅನೇಕರ ಹಣವನ್ನು ಒಟ್ಟುಗೂಡಿಸಿ ಅನೇಕ ಕಂಪೆನಿಗಳಲ್ಲಿ ಹೂಡುವ ಏರ್ಪಾಡು ಅದು. ಅದರಲ್ಲಿಯೂ ಸೂಚ್ಯಂಕದ ಫಂಡು ಎಂಬುದು, ಸೂಚ್ಯಂಕದಲ್ಲಿರುವ ಕಂಪೆನಿಗಳೆಲ್ಲವನ್ನೂ ಅದೇ ಪ್ರಮಾಣದಲ್ಲಿ ಕೊಳ್ಳುವುದರಿಂದ ಖರ್ಚು ಕಡಮೆ. ಒಂದು ಕಂಪೆನಿ ಮುಳುಗಿದರೂ ಸಂಸಾರ ಮುಳುಗದು. ತಿಂಗಳು ತಿಂಗಳೂ ಗೊತ್ತಾದ ಮೊತ್ತವನ್ನು ಹಾಕುತ್ತಿರುವ ಪದ್ಧತಿಯನ್ನು ಈಗ ಎಸ್.ಐ.ಪಿ. ಎನ್ನುವರು. ಕನ್ನಡ ನಾಡಿಗೆ ಈ ಅಭ್ಯಾಸ ಹೊಸದಲ್ಲ. 1928ರಲ್ಲಿಯೇ ಟಿ.ಎಂ.ಎ. ಪೈಗಳ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಹನಿ ಹನಿಗೂಡಿ ಹಳ್ಳವಾಗುವ ಉಪಾಯ ಎರಡಕ್ಕೂ ಒಂದೇ. ಪಿಗ್ಮಿಯಲ್ಲಿ ಅಸಲಿಗೆ ಏರಿಳಿತವಿಲ್ಲ, ಇದರಲ್ಲಿ ಉಂಟು ಎಂಬುದಷ್ಟೆ ಭೇದ.

ಆ ಏರಿಳಿತವೇ ಕೆಲವೊಮ್ಮೆ ಸಹಾಯಕವಾಗುವ ಬಗೆಯನ್ನು ಲೆಕ್ಕದಿಂದ ನೋಡಬಹುದು. ಒಂದು ತಿಂಗಳು ಬೆಲೆ 100 ರೂಪಾಯಿಯಿದ್ದಾಗ 1,000 ರೂಪಾಯಿಗೆ 10 ಪಾಲು ಬಂದುವು. ಮುಂದಿನ ತಿಂಗಳು ಬೆಲೆ 50ಕ್ಕೆ ಇಳಿದಾಗ ಅದೇ ಹಣಕ್ಕೆ 20 ಬಂದುವು. 2,000 ರೂಪಾಯಿಗೆ 30 ಪಾಲು. ಒಂದಕ್ಕೆ ಬಿದ್ದುದು 67 ರೂಪಾಯಿಗಿಂತ ಕಡಮೆ. ಎರಡು ಬೆಲೆಗಳ ಸರಾಸರಿಯಾದರೋ 75. ಬೆಲೆ ಇಳಿದ ತಿಂಗಳಲ್ಲಿ ಅಂಜಿ ನಿಲ್ಲಿಸಿದವನಿಗೆ ಈ ಲಾಭವಿಲ್ಲ.

ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಗಿಸುವಂತಿಲ್ಲ. ಷೇರುಪೇಟೆಯಲ್ಲಿಯೇ ಫ್ಯೂಚರ್ಸ್, ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರವೊಂದುಂಟು. ಸೆಬಿಯು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇದರಲ್ಲಿ ಕೈಹಾಕಿದ ಸಾಮಾನ್ಯ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಕ್ಕುದು. ಇದನ್ನು ತಿಳಿದ ಮೇಲೂ ಅತ್ತ ಹೋಗುವ ಗೃಹಸ್ಥನಿಗೆ ಯಾರೇನು ಹೇಳಬಲ್ಲರು? ತಿಂಗಳಿಗೆ ಇಷ್ಟು ಲಾಭ ಖಂಡಿತವೆಂದು ಹೇಳುವವರು, ವಾಟ್ಸಪ್ಪಿನ ಗುಂಪುಗಳಲ್ಲಿ ‘ಇಂದೇ ಕೊಳ್ಳಿ’ ಎಂದು ಅವಸರಪಡಿಸುವವರು, ಹಣವನ್ನು ತಮ್ಮ ಸ್ವಂತ ಖಾತೆಗೆ ಕಳುಹಿಸೆನ್ನುವವರು — ಇವರ ಮುಂದೆ ಬಾಗಿಲು ಹಾಕಿಕೊಳ್ಳುವುದೇ ಜಾಣತನ. ಷೇರಿನಲ್ಲಿ ಖಂಡಿತವಾದ ಲಾಭವೆಂಬುದು ಇಲ್ಲ. ಇದೆಯೆನ್ನುವವನು ಬೇರೇನನ್ನೋ ಮಾರುತ್ತಿರುವನು.

ಕಡೆಯದಾಗಿ, ಈ ವ್ಯವಹಾರವನ್ನು ಮನೆಯವರಿಂದ ಮರೆಮಾಡತಕ್ಕದ್ದಲ್ಲ. ಯಜಮಾನನ ಷೇರುಗಳ ವಿಷಯವೇ ತಿಳಿಯದೆ, ಅವನ ಕಾಲಾನಂತರ ಹೆಂಡತಿಮಕ್ಕಳು ಪಾಡುಪಟ್ಟ ಮನೆಗಳುಂಟು. ಪ್ರತಿ ಖಾತೆಗೂ ನಾಮಿನಿಯ ಹೆಸರಿರಲಿ. ಏನು ಎಲ್ಲಿದೆಯೆಂಬ ಒಂದು ಹಾಳೆಯ ಪಟ್ಟಿಯು ಮನೆಯಾಕೆಯ ಕೈಯಲ್ಲಿರಲಿ. ಹಿರಿಯರು ಪೆಟ್ಟಿಗೆಯಲ್ಲಿಟ್ಟ ಹಳೆಯ ಕಾಗದದ ಷೇರುಗಳಿದ್ದರೆ ಅವನ್ನೂ ತೆಗೆದು ನೋಡಬೇಕು. 2019ರ ಏಪ್ರಿಲಿನಿಂದ ಕಾಗದದ ಷೇರನ್ನು ಡಿಮ್ಯಾಟಿಗೆ ಬದಲಾಯಿಸದೆ ಮಾರಲಾಗದು. ಏಳು ವರ್ಷ ಒಂದೇ ಸಮನೆ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುವುವು. ಹಾಗೆ ಸೇರಿದುದನ್ನೂ ನಿಜವಾದ ವಾರಸುದಾರರು ದಾಖಲೆಗಳನ್ನು ಒಪ್ಪಿಸಿ ಹಿಂದಕ್ಕೆ ಪಡೆಯಬಹುದು.

ಆದುದರಿಂದ ಹೊಸಬರು ಸಣ್ಣ ಮೊತ್ತದಿಂದ ಆರಂಭಿಸಲಿ. ಮೊದಲ ವರ್ಷವನ್ನು ಸಂಪಾದನೆಯ ವರ್ಷವೆಂದೆಣಿಸದೆ ವಿದ್ಯಾಭ್ಯಾಸದ ವರ್ಷವೆಂದೆಣಿಸಲಿ. ನಿವೇಶನದ ಪತ್ರಗಳನ್ನು ನೋಡುವ ಕಣ್ಣಿನಿಂದಲೇ ಕಂಪೆನಿಯ ವರದಿಯನ್ನೂ ನೋಡಲಿ. ಇಷ್ಟು ಮಾಡಿದರೆ ಷೇರುಪೇಟೆಯು ಗೃಹಸ್ಥನಿಗೆ ಜೂಜಿನ ಕಟ್ಟೆಯಾಗದೆ, ದೇಶದ ಉದ್ಯಮಗಳಲ್ಲಿ ಅವನಿಗೂ ಒಂದು ಪಾಲನ್ನು ಕೊಡುವ ಸ್ಥಳವಾದೀತು.