ಪ್ಲಾಸ್ಟಿಕ್ ದಹನ ಮತ್ತು ಜ್ವಾಲಾರೋಧಕ ಸೇರ್ಪಡೆಗಳು

ಪ್ಲಾಸ್ಟಿಕ್ ಉರಿಯುತ್ತದೆ ಎಂಬ ಮಾತು ರೂಢಿಯಲ್ಲಿದ್ದರೂ ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಅಷ್ಟು ನಿಖರವಾದುದಲ್ಲ. ಉರಿಯುವುದು ಘನರೂಪದ ಪ್ಲಾಸ್ಟಿಕ್ ಅಲ್ಲ. ಶಾಖದಿಂದ ಅದರ ದೀರ್ಘ ಅಣುಸರಪಳಿಗಳು ತುಂಡಾದಾಗ ಹೊರಬೀಳುವ ಅನಿಲಗಳು. ಜ್ವಾಲೆಯ ಶಾಖದ ಒಂದು ಪಾಲು ಮೇಲ್ಮೈಗೆ ಮರಳಿ ಮತ್ತಷ್ಟು ಅನಿಲವನ್ನು ಹೊರಡಿಸುತ್ತದೆ. ಈ ಆವರ್ತವನ್ನು ಎಲ್ಲಾದರೂ ಒಂದೆಡೆ ಕಡಿಯುವುದೇ ಜ್ವಾಲಾರೋಧಕಗಳ ಕಾರ್ಯ.

ಈ ವಿಚಾರ ಪ್ಲಾಸ್ಟಿಕ್ಕಿಗಿಂತ ಹಳೆಯದು. ಪ್ಯಾರಿಸ್ಸಿನ ನಾಟಕಶಾಲೆಗಳ ಬಟ್ಟೆಗಳಿಗೆ ಬೆಂಕಿ ತಗುಲದಂತೆ ಮಾಡಲು ಗೇ-ಲ್ಯುಸಾಕ್ 1821ರಲ್ಲಿಯೇ ಅಮೋನಿಯಂ ಫಾಸ್ಫೇಟ್, ನವಸಾಗರ ಹಾಗೂ ಬಿಳಿಗಾರಗಳ ಮಿಶ್ರಣವನ್ನು ಸೂಚಿಸಿದ್ದನು. ಅಳತೆಯ ಕ್ರಮ ಬಂದುದು ಬಹಳ ತಡವಾಗಿ. 1966ರಲ್ಲಿ ಫೆನಿಮೋರ್ ಮತ್ತು ಮಾರ್ಟಿನ್ ರೂಪಿಸಿದ ಸೀಮಿತ ಆಮ್ಲಜನಕ ಸೂಚ್ಯಂಕವು, ವಸ್ತುವೊಂದು ಉರಿಯುತ್ತಿರಲು ಕನಿಷ್ಠ ಶೇಕಡಾ ಎಷ್ಟು ಆಮ್ಲಜನಕ ಬೇಕೆಂಬುದನ್ನು ತಿಳಿಸುತ್ತದೆ. ಗಾಳಿಯಲ್ಲಿರುವುದು ಶೇ. 21. ಪಾಲಿಥೀನಿಗೆ ಸುಮಾರು 17 ಸಾಕು. ಗಡಸು ಪಿವಿಸಿಗೆ 45ರಷ್ಟು ಬೇಕು. ಆದರೆ ತಂತಿಯ ಹೊದಿಕೆಗಾಗಿ ಮೃದುಕಾರಕ ಬೆರೆಸಿದ ಪಿವಿಸಿಯಲ್ಲಿ ಈ ಅಂಕ ಬಹಳ ಇಳಿಯುತ್ತದೆ.

ದೀರ್ಘಕಾಲ ಉದ್ಯಮದ ನೆಚ್ಚಿನ ಸೇರ್ಪಡೆಯಾಗಿದ್ದುದು ಬ್ರೋಮಿನ್. ಶಾಖಕ್ಕೆ ಬಿಡುಗಡೆಯಾಗುವ ಹೈಡ್ರೋಜನ್ ಬ್ರೋಮೈಡ್, ಜ್ವಾಲೆಯನ್ನು ಪೋಷಿಸುವ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಆಂಟಿಮನಿ ಟ್ರೈಆಕ್ಸೈಡ್ ಜೊತೆಗೂಡಿದರೆ ಈ ಗುಣ ಇಮ್ಮಡಿಸಿದಂತೆಯೇ ಸರಿ. ಒಂಟಿಯಾಗಿ ಆಂಟಿಮನಿಗೆ ಅಂತಹ ಶಕ್ತಿಯಿಲ್ಲ. ಆದರೆ ದಹನವನ್ನು ಅರ್ಧದಲ್ಲಿ ತಡೆಯುವ ಈ ಮಾರ್ಗದಲ್ಲಿ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚುತ್ತವೆ. ಬೆಂಕಿ ಅನಾಹುತಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಮಾರಕವೆಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ಸತ್ತರು. ಕೆಲವರು ಉಸಿರಾಡಲಾಗದೆ ಕಿಟಕಿಗಳಿಂದ ಹಾರಿದ್ದರು.

ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ಬ್ರೋಮಿನ್‌ಯುಕ್ತ ಸೇರ್ಪಡೆಗಳಲ್ಲಿ ಹಲವು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬಂಧಗೊಳ್ಳದೆ ಕೇವಲ ಬೆರೆತಿರುವುದರಿಂದ ಕ್ರಮೇಣ ಹೊರಸೂಸಿ ಧೂಳನ್ನೂ ಜೀವಿಗಳ ಕೊಬ್ಬನ್ನೂ ಸೇರುತ್ತವೆ. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪಾಲಿಬ್ರೋಮಿನೇಟೆಡ್ ಬೈಫಿನೈಲ್ ಪ್ರಮಾದವಶಾತ್ ಪಶು ಆಹಾರದಲ್ಲಿ ಬೆರೆತು ಹಾಲು, ಮಾಂಸಗಳ ಮೂಲಕ ಜನರ ದೇಹವನ್ನು ಹೊಕ್ಕಿತು. ಸ್ಟಾಕ್‌ಹೋಮ್ ಒಪ್ಪಂದವು 2009, 2013 ಮತ್ತು 2017ರಲ್ಲಿ ಇಂತಹ ಹಲವು ಸಂಯುಕ್ತಗಳನ್ನು ತನ್ನ ಪಟ್ಟಿಗೆ ಸೇರಿಸಿತು. ಭಾರತವು 2018ರ ನಿಯಮಾವಳಿಯ ಮೂಲಕ ಅವುಗಳಲ್ಲಿ ಕೆಲವನ್ನು ನಿಷೇಧಿಸಿದೆ.

ಬದಲಿಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸರಳವಾದುದು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಾಖವನ್ನು ಹೀರಿ ಒಡೆದು ತನ್ನ ತೂಕದ ಮೂರನೆಯ ಒಂದು ಭಾಗದಷ್ಟನ್ನು ನೀರಾವಿಯಾಗಿ ಬಿಡುತ್ತದೆ. ಪಾಲಿಪ್ರೊಪಿಲೀನಿನಂತೆ ಅದಕ್ಕೂ ಮೇಲಿನ ಉಷ್ಣತೆಯಲ್ಲಿ ಕರಗಿಸಿ ಎರಕಗೊಳಿಸುವ ಪ್ಲಾಸ್ಟಿಕ್ಕಿಗೆ ಇದು ಒಗ್ಗದು. ಅಲ್ಲಿ 300 ಡಿಗ್ರಿಯವರೆಗೆ ತಾಳುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೇಕಾಗುತ್ತದೆ. ಎರಡಕ್ಕೂ ಇರುವ ತೊಡಕೆಂದರೆ ಪ್ರಮಾಣ. ತೂಕದ ಶೇ. 60ರವರೆಗೂ ಬೆರೆಸಬೇಕಾಗಿ ಬರುವುದರಿಂದ ವಸ್ತು ಪೆಡಸಾಗುತ್ತದೆ. ಕಣಗಳಿಗೆ ಸ್ಟಿಯರಿಕ್ ಆಮ್ಲ ಅಥವಾ ಸಿಲೇನ್ ಲೇಪಿಸಿದರೆ ಈ ದೋಷ ಕೊಂಚ ತಗ್ಗುತ್ತದೆ. ರಂಜಕದ ಸಂಯುಕ್ತಗಳಾದರೋ ಉಬ್ಬಿದ ಇದ್ದಿಲಿನ ಪದರವನ್ನು ಕಟ್ಟಿ ಒಳಗಿನ ಪ್ಲಾಸ್ಟಿಕ್ಕನ್ನು ಶಾಖದಿಂದ ಮರೆಮಾಡುತ್ತವೆ. ಬಹುವಾಗಿ ಹೊಗಳಿಸಿಕೊಂಡ ನ್ಯಾನೋ ಜೇಡಿಯ ಫಲ ಮಿಶ್ರವಾದುದು. ಅದು ಶಾಖ ಬಿಡುಗಡೆಯ ಗರಿಷ್ಠ ದರವನ್ನು ತಗ್ಗಿಸುತ್ತದೆಯಾದರೂ ಬೆಂಕಿ ಹೊತ್ತುವುದನ್ನು ಅಷ್ಟಾಗಿ ತಡಮಾಡದು. ಒಂಟಿಯಾಗಿ ಬಳಸಿದಾಗ ಲಂಬ ಜ್ವಾಲಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತೇರ್ಗಡೆಯಾಗದು.

ನಿಷೇಧದಿಂದ ಹಳೆಯ ಸಂಯುಕ್ತಗಳು ಮಾಯವಾಗಿಲ್ಲ. ಹಳೆಯ ಟಿ.ವಿ., ಕಂಪ್ಯೂಟರುಗಳ ಹೊರಕವಚಗಳು ಮರುಬಳಕೆಗೆ ಹೋದಾಗ ಬ್ರೋಮಿನ್ ಹೊಸ ಸರಕುಗಳನ್ನು, ಮಕ್ಕಳ ಆಟಿಕೆಗಳನ್ನೂ, ಸೇರುತ್ತದೆ. ಬ್ರೋಮಿನ್ ಇರುವ ಪ್ಲಾಸ್ಟಿಕ್ ಹೆಚ್ಚು ಸಾಂದ್ರವಾದ್ದರಿಂದ, ತಕ್ಕ ಪ್ರಮಾಣದ ಉಪ್ಪುನೀರಿನಲ್ಲಿ ಅದು ಮುಳುಗಿ ಉಳಿದದ್ದು ತೇಲುತ್ತದೆ. ಗುಜರಿಯ ಮಟ್ಟದಲ್ಲಿಯೇ ಬೇರ್ಪಡಿಸಲು ಸದ್ಯಕ್ಕಿರುವ ಅಗ್ಗದ ಉಪಾಯಗಳಲ್ಲಿ ಇದೂ ಒಂದು.