ಕ್ಯಾಂಪ್ ಎಂದರೆ ಡೇರೆಯಲ್ಲ

ಸಿಂಧನೂರಿನ ಸುತ್ತ ತಿರುಗಾಡುವ ಹೊಸಬರಿಗೆ ಊರಿನ ಫಲಕಗಳೇ ಒಗಟಾಗುತ್ತವೆ. ಪಕ್ಕಾ ಮನೆ, ಶಾಲೆ, ಗುಡಿ ಎಲ್ಲ ಇರುವ ಊರಿಗೂ ಹೆಸರಿನ ಕೊನೆಯಲ್ಲಿ ‘ಕ್ಯಾಂಪ್’.

ತಪ್ಪು ಕಲ್ಪನೆ: ಕ್ಯಾಂಪ್ ಅಂದರೆ ಸೈನ್ಯ ಬೀಡುಬಿಟ್ಟ ಜಾಗ, ಇಲ್ಲವೇ ನಾಳೆ ಕಿತ್ತುಕೊಂಡು ಹೋಗುವ ಡೇರೆ.

ಸತ್ಯ: ಇಂಗ್ಲಿಷಿನಲ್ಲಿ ಆ ಅರ್ಥ ಇದೆ. ಆದರೆ ಮೂಲ ಲ್ಯಾಟಿನ್ ಪದ ‘ಕಂಪುಸ್’ಗೆ ಬಯಲು, ಹೊಲ ಎಂದು ಅರ್ಥ. ಪಾಳೆಯಕ್ಕೆ ರೋಮನ್ನರು ಬಳಸುತ್ತಿದ್ದುದು ‘ಕಾಸ್ತ್ರ’ ಎಂಬ ಬೇರೆಯೇ ಪದ. ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಹೆಸರುಗಳ ಕೊನೆಯಲ್ಲಿ ಉಳಿದಿರುವುದು ಅದೇ. ರೋಮ್ ಕೋಟೆಗೋಡೆಯ ಹೊರಗಿದ್ದ ‘ಕಂಪುಸ್ ಮಾರ್ಟಿಯುಸ್’ ಬಯಲಿನಲ್ಲಿ ಸೈನ್ಯವೂ ಸೇರುತ್ತಿತ್ತು, ಚುನಾವಣೆಯೂ ನಡೆಯುತ್ತಿತ್ತು. ಬಯಲಲ್ಲಿ ಕಾದುವವನಿಂದ ಚಾಂಪಿಯನ್ ಬಂತು. ಕಾಲೇಜಿನ ಕ್ಯಾಂಪಸ್ಸಿಗೂ ಅದೇ ಬೇರು. ಕ್ಯಾಂಪ್ ಪದ ಫ್ರೆಂಚ್ ದಾಟಿ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಪಾಳೆಯದ ಅರ್ಥವೇ ಮುಂದಾಗಿತ್ತು.

ಲಿಂಗಸುಗೂರಿಗಾದರೆ ಆ ಅರ್ಥ ಒಪ್ಪುತ್ತದೆ. ಅಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇತ್ತು. ಸಿಂಧನೂರು, ಮಸ್ಕಿ ಕಡೆಯ ಕ್ಯಾಂಪುಗಳ ಕತೆಯೇ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ನಾಲೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಜಮೀನು ಕೊಂಡರು. ಎರೆ ಹೊಲ ಮಟ್ಟ ಮಾಡಿ, ಬದು ಕಟ್ಟಿ, ನೀರು ನಿಲ್ಲಿಸಿ ನೆಲ್ಲು ನಾಟಿ ಮಾಡಿದರು. ಹೊಲದ ಬದಿಯಲ್ಲಿ ಹಾಕಿಕೊಂಡ ಗುಡಿಸಲ ಸಾಲು ಕ್ಯಾಂಪ್ ಆಯಿತು. ಗುಡಿಸಲು ಹೋಗಿ ತಾರಸಿ ಮನೆ, ರೈಸ್‌ಮಿಲ್ಲು ಬಂದರೂ ಹೆಸರು ಬದಲಾಗಲಿಲ್ಲ. ಲ್ಯಾಟಿನ್ ಗಂಧವಿಲ್ಲದ ಒಕ್ಕಲು ಮಕ್ಕಳು ಆ ಪದವನ್ನು ಮತ್ತೆ ಹೊಲಕ್ಕೇ ತಂದು ನಿಲ್ಲಿಸಿದ್ದಾರೆ. ನಿಘಂಟಿಗಿಂತ ಇವರ ಬಳಕೆಯೇ ಮೂಲಕ್ಕೆ ಹತ್ತಿರ ಎಂದು ನಾನು ನಂಬುತ್ತೇನೆ.

ಕ್ಯಾಂಪುಗಳೆಲ್ಲ ಬಂಗಾಳಿಗಳವು ಎನ್ನುವವರೂ ಇದ್ದಾರೆ. ಅದು ಸುಳ್ಳು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟದ್ದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್. ಕನ್ನಡದಲ್ಲಿ ಅದನ್ನು ‘ಪುನರ್ವಸತಿ’ ಎನ್ನುವುದರಿಂದ ಇಂಗ್ಲಿಷ್ ಪದದೊಳಗೂ ವಾಸ, ವಸತಿ ಇದೆಯೆಂದು ಭಾವಿಸುತ್ತೇವೆ. ಅಲ್ಲಿರುವುದು ‘ಹಬಿಲಿಸ್’, ಅಂದರೆ ಅರ್ಹ, ಸಮರ್ಥ. ಕಳೆದುಹೋದ ಸ್ಥಾನಮಾನ, ಹಕ್ಕುಗಳನ್ನು ಮರಳಿ ಕೊಡುವುದಕ್ಕೆ ಮಧ್ಯಯುಗದ ಲ್ಯಾಟಿನ್‌ನಲ್ಲಿ ಈ ಪದ ಬಳಕೆಯಾಗುತ್ತಿತ್ತು. ಹಾಗೆ ನೋಡಿದರೆ ಮನೆ, ಜಮೀನು ಕೊಟ್ಟಲ್ಲಿಗೆ ಕೆಲಸ ಅರ್ಧವಷ್ಟೇ ಆಯಿತು. ಆ ಕ್ಯಾಂಪುಗಳ ಹಲವರು ಪೌರತ್ವಕ್ಕಾಗಿ ದಶಕಗಳ ಕಾಲ ಕಾದರು. ಇಂಥವರಿಗೆ ದಾರಿ ತೆರೆಯುವ 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳು ಬಂದದ್ದು 2024ರ ಮಾರ್ಚಿನಲ್ಲಿ.