ಮಾಡಿ ಗೆದ್ದ ನಂಬಿಕೆ: ಹೆಣ್ಣುಮಕ್ಕಳ ಶಾಲೆ ಮತ್ತು ಆತ್ಮವಿಶ್ವಾಸದ ವಿಜ್ಞಾನ

ಆತ್ಮವಿಶ್ವಾಸವನ್ನು ಹುಟ್ಟುಗುಣವೆಂದು ಎಣಿಸುವುದು ಸಮಾಜದ ರೂಢಿ. ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವ ಹುಡುಗಿಯನ್ನು ಧೈರ್ಯಸ್ಥೆಯೆಂದೂ, ಉತ್ತರ ಗೊತ್ತಿದ್ದರೂ ತಲೆತಗ್ಗಿಸಿ ಕೂರುವವಳನ್ನು ಸಂಕೋಚದ ಸ್ವಭಾವದವಳೆಂದೂ ಕರೆದು ಮಾತು ಮುಗಿಸಲಾಗುತ್ತದೆ. ಮನೋವಿಜ್ಞಾನ ಈ ತೀರ್ಮಾನವನ್ನು ಒಪ್ಪುವುದಿಲ್ಲ. ಒಂದು ನಿರ್ದಿಷ್ಟ ಕೆಲಸವನ್ನು ಮಾಡಿ ಮುಗಿಸಬಲ್ಲೆನೆಂದು ವ್ಯಕ್ತಿ ತನ್ನ ಬಗ್ಗೆ ತಾನು ಇಟ್ಟುಕೊಳ್ಳುವ ನಂಬಿಕೆಗೆ 'ಸ್ವಕ್ಷಮತೆ' ಎಂಬ ಅರ್ಥದ ಹೆಸರಿಟ್ಟು, ಅದರ ಸಿದ್ಧಾಂತವನ್ನು 1977ರಲ್ಲಿ ಮಂಡಿಸಿದವರು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ. ಅವರ ಪ್ರಕಾರ ಈ ನಂಬಿಕೆಗೆ ನಾಲ್ಕು ಮೂಲಗಳಿವೆ: ಕೆಲಸವನ್ನು ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಗೆಲ್ಲುವುದನ್ನು ಕಣ್ಣಾರೆ ಕಂಡ ಅನುಭವ, ತಾನು ಗೌರವಿಸುವವರು ಆಡಿದ ಭರವಸೆಯ ಮಾತು, ಮತ್ತು ಆ ಹೊತ್ತಿನ ದೇಹ-ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ಹಾಗಾದರೆ ಈ ನಾಲ್ಕನ್ನೂ ದಿನನಿತ್ಯ ಒದಗಿಸುವ ಶಾಲೆ ಆತ್ಮವಿಶ್ವಾಸವನ್ನು ಬೆಳೆಸಬಲ್ಲದು ಎಂದಾಯಿತು.

ಮುಂಬಯಿಯ ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವಿದೆ. ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳ ಸಾಹಿತ್ಯ ಮತ್ತು ವಿಜ್ಞಾನ ಸಂಘವು 1849ರಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯಿತು. ದಾದಾಭಾಯಿ ನವರೋಜಿಯವರು ಆ ಯತ್ನದ ಮುಂಚೂಣಿಯಲ್ಲಿದ್ದರು. 1863ರಲ್ಲಿ ಮಾಣೆಕ್‌ಜಿ ಕರ್ಸೆಟ್‌ಜಿಯವರು ಅಲೆಕ್ಸಾಂಡ್ರಾ ಶಾಲೆಯನ್ನು ಸ್ಥಾಪಿಸಿದರು. ಈ ಶಾಲೆಗಳನ್ನು ಕಟ್ಟಿದವರು ಪುರುಷರು. 1889ರ ಮಾರ್ಚ್ 11ರಂದು ಚೌಪಾಟಿಯಲ್ಲಿ ಆರಂಭವಾದ 'ಶಾರದಾ ಸದನ' ಶಾಲೆಯ ವಿಶೇಷವೆಂದರೆ ಅದನ್ನು ಕಟ್ಟಿ ನಡೆಸಿದವರು ಒಬ್ಬ ಮಹಿಳೆ, ಅದೂ ಸ್ವತಃ ವಿಧವೆಯಾಗಿದ್ದ ಪಂಡಿತಾ ರಮಾಬಾಯಿ. ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ರಮಾಬಾಯಿಯವರಿಗೆ ಸಂಸ್ಕೃತ ಕಲಿಸಿದವರು ತಾಯಿ ಲಕ್ಷ್ಮೀಬಾಯಿ. ಆ ತಾಯಿಗೆ ಕಲಿಸಿದವರು ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಹೆಣ್ಣು ಓದಬಲ್ಲಳೆಂಬುದಕ್ಕೆ ರಮಾಬಾಯಿಯವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅದು ಮನೆಯಲ್ಲೇ ಇತ್ತು. ಅದೇ ಸಾಕ್ಷಿಯನ್ನು ಅವರು ಶಾರದಾ ಸದನದ ಬಾಲವಿಧವೆಯರ ಎದುರು ತಮ್ಮ ರೂಪದಲ್ಲಿ ನಿಲ್ಲಿಸಿದರು. ಶುಭಕಾರ್ಯಗಳಿಂದ ದೂರವಿಡಲಾಗಿದ್ದ ಆ ಹುಡುಗಿಯರಿಗೆ ತಮ್ಮಂತೆಯೇ ವಿಧವೆಯಾದವರೊಬ್ಬರು ವಿದ್ವಾಂಸರ ಸಭೆಯಲ್ಲಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಪಡೆದು ಬಂದು ಪಾಠ ಹೇಳುವುದನ್ನು ನೋಡುವುದೇ ಒಂದು ಶಿಕ್ಷಣವಾಗಿತ್ತು. ಸದನಕ್ಕೆ ಆರಂಭದಲ್ಲೇ ಸೇರಿದ ಬಾಲವಿಧವೆ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುವಿವಾಹವಾಗಿ ಆನಂದಿಬಾಯಿ ಕರ್ವೆಯಾದರು. ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದ ಕೇಂದ್ರ 1936ರಲ್ಲಿ ಮುಂಬಯಿಗೆ ಬಂದಿತು. ಅದೇ ಇಂದಿನ ಎಸ್‌ಎನ್‌ಡಿಟಿ.

ಕಣ್ಣೆದುರಿನ ಮಾದರಿಗೆ ಎಷ್ಟು ಬಲವಿದೆಯೆಂಬುದನ್ನು ಇತ್ತೀಚಿನ ಸಂಶೋಧನೆ ಅಳೆದು ತೋರಿಸಿದೆ. ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೀಸಲಾತಿಯಿಂದಾಗಿ ಎರಡು ಅವಧಿಗೆ ಮಹಿಳೆಯರೇ ಪಂಚಾಯತಿಯ ಮುಖ್ಯಸ್ಥರಾಗಿದ್ದ ಕಡೆ ಹದಿಹರೆಯದ ಹುಡುಗಿಯರ ಮತ್ತು ಹುಡುಗರ ಭವಿಷ್ಯದ ಆಕಾಂಕ್ಷೆಗಳ ನಡುವಿನ ಅಂತರ ಗಣನೀಯವಾಗಿ ಕುಗ್ಗಿದ್ದನ್ನೂ, ಓದಿನಲ್ಲಿ ಅವರ ನಡುವೆ ಇದ್ದ ಅಂತರ ಅಳಿಸಿಹೋದದ್ದನ್ನೂ ದಾಖಲಿಸಿತು. ಆದರೆ ಮಾದರಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಪ್ರಾಥಮಿಕ ತರಗತಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತವೆಂದರೆ ಸ್ವತಃ ಅಂಜುವ ಶಿಕ್ಷಕಿಯರ ಬಳಿ ಒಂದು ವರ್ಷ ಕಲಿತ ಹುಡುಗಿಯರಲ್ಲಿ ಗಣಿತ ಹುಡುಗರ ವಿಷಯವೆಂಬ ಭಾವನೆ ಬೆಳೆದು ಅವರ ಸಾಧನೆಯೂ ಕುಸಿದಿತ್ತು. ಹುಡುಗರ ಮೇಲೆ ಆ ಪರಿಣಾಮ ಕಂಡುಬರಲಿಲ್ಲ. ಮಕ್ಕಳು ಪಾಠದ ಜೊತೆಗೆ ಪಾಠ ಹೇಳುವವರ ಅಂಜಿಕೆಯನ್ನೂ ಕಲಿಯುತ್ತಾರೆಂಬುದು ಇದರ ಅರ್ಥ.

ಈ ಅಂಜಿಕೆಯ ಬೇರು ಬಹಳ ಬೇಗ ಇಳಿಯುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದ ಪ್ರಕಾರ, ಐದು ವರ್ಷದ ಹುಡುಗಿಯರು 'ಬಹಳ ಬಹಳ ಬುದ್ಧಿವಂತರು' ಎಂಬ ಮಾತನ್ನು ಹುಡುಗರಷ್ಟೇ ಸಲೀಸಾಗಿ ತಮ್ಮವರಿಗೆ ಅನ್ವಯಿಸಿಕೊಳ್ಳುತ್ತಾರೆ. ಆರೇಳು ವರ್ಷ ತುಂಬುವ ಹೊತ್ತಿಗೆ ಆ ನಂಬಿಕೆ ತಗ್ಗಿ, ಬುದ್ಧಿವಂತರಿಗಾಗಿ ಇರುವ ಆಟವೆಂದು ಹೇಳಿದರೆ ಅದರಿಂದ ಹಿಂದೆ ಸರಿಯತೊಡಗುತ್ತಾರೆ. ಹೀಗೆ ಹಿಂದೆ ಸರಿದ ಮಗುವಿಗೆ ಬರಿಯ ಹೊಗಳಿಕೆ ನೆರವಾಗುವುದಿಲ್ಲ. ಮನೋವಿಜ್ಞಾನಿಗಳಾದ ಕರೋಲ್ ಡ್ವೆಕ್ ಮತ್ತು ಕ್ಲಾಡಿಯಾ ಮ್ಯೂಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 'ನೀನು ಜಾಣೆ' ಎಂಬಂಥ ಮಾತು ಕೇಳಿದ ಮಕ್ಕಳು ಮುಂದೆ ಕಷ್ಟದ ಸಮಸ್ಯೆ ಎದುರಾದಾಗ ಬೇಗ ಕೈಚೆಲ್ಲಿದರು, 'ಚೆನ್ನಾಗಿ ಶ್ರಮಪಟ್ಟೆ' ಎಂಬಂಥ ಮಾತು ಕೇಳಿದವರು ಹಟ ಹಿಡಿದು ಮುಂದುವರಿದರು. ಆದ್ದರಿಂದ ಒಳ್ಳೆಯ ಶಾಲೆ ಹುಡುಗಿಯ ಕೈಗೆ ಅವಳ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಿನ ಕೆಲಸವನ್ನು ಕೊಟ್ಟು, ತಪ್ಪಿದಾಗ ಬೈಯದೆ ತಪ್ಪಿನ ಕಾರಣವನ್ನು ತೋರಿಸಿ, ಅದನ್ನು ಮತ್ತೆ ಅವಳಿಂದಲೇ ಮಾಡಿಸುತ್ತದೆ. ಹುಡುಗಿಯರಷ್ಟೇ ಇರುವ ಶಾಲೆಯ ನಿಜವಾದ ಅನುಕೂಲ ಇಲ್ಲಿದೆ: ಪ್ರಯೋಗಶಾಲೆಯ ಉಪಕರಣ ಹಿಡಿಯುವವರು, ಕ್ರೀಡಾ ತಂಡ ನಡೆಸುವವರು, ವೇದಿಕೆಯಲ್ಲಿ ಮಾತನಾಡುವವರು ಎಲ್ಲರೂ ಅವರೇ ಆಗಬೇಕಾದ್ದರಿಂದ ಯಾವ ಕೆಲಸವೂ 'ಹುಡುಗರದ್ದು' ಎಂದು ಉಳಿಯುವುದಿಲ್ಲ.

ನಾಲ್ಕನೆಯ ಮೂಲವಾದ ದೇಹ-ಮನಸ್ಸುಗಳ ಸ್ಥಿತಿಗೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಕೈಯಲ್ಲಿರುವ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ಮೆದುಳು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು 'ಕಾರ್ಯಸ್ಮೃತಿ' ಎನ್ನಬಹುದು; ಅದರ ಹರವು ಚಿಕ್ಕದು, ಮತ್ತು ಆತಂಕ ಅದರಲ್ಲಿ ಪಾಲು ಕೇಳುತ್ತದೆ. ಲಂಗಕ್ಕೆ ಕಲೆಯಾದೀತೆಂಬ ಚಿಂತೆಯಲ್ಲಿ ಕುಳಿತ ಹುಡುಗಿಗೆ ಬೀಜಗಣಿತಕ್ಕೆ ಉಳಿಯುವುದು ಅರ್ಧ ಮನಸ್ಸು. 2003ರ ನಂತರ ಭಾರತದ ಶಾಲೆಗಳಲ್ಲಿ ಕಟ್ಟಿದ ಶೌಚಾಲಯಗಳನ್ನು ಕುರಿತ ಸಂಶೋಧನೆಯಲ್ಲಿ, ಹದಿಹರೆಯದ ಹುಡುಗಿಯರ ದಾಖಲಾತಿ ಹೆಚ್ಚಿದ್ದು ಮುಖ್ಯವಾಗಿ ಅವರಿಗೆಂದೇ ಪ್ರತ್ಯೇಕ ಶೌಚಾಲಯ ಇದ್ದ ಕಡೆ. ನೀರು ಬರುವ ನಲ್ಲಿ, ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು, ಮುಟ್ಟಿನ ಬಗ್ಗೆ ನಾಚದೆ ಮಾತನಾಡುವ ಶಿಕ್ಷಕಿ, ಇವೆಲ್ಲ ಕಲಿಕೆಯ ಉಪಕರಣಗಳೇ. ಇಡೀ ಸಂಸಾರ ಒಂದೇ ಖೋಲಿಯಲ್ಲಿ ಬದುಕುವ ಮುಂಬಯಿಯಂಥ ನಗರದಲ್ಲಿ ಶಾಲೆ ಬಿಟ್ಟ ಮೇಲೂ ತೆರೆದಿರುವ ಗ್ರಂಥಾಲಯ ಅದೇ ಸಾಲಿಗೆ ಸೇರುತ್ತದೆ.

ಹಾಗೆಂದು ಹುಡುಗಿಯರನ್ನು ಬೇರೆಯಾಗಿ ಕೂರಿಸಿದ ಮಾತ್ರಕ್ಕೆ ಎಲ್ಲವೂ ಕೈಗೂಡುವುದಿಲ್ಲ. 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಕಟ್ಟುನಿಟ್ಟಿನ ವಿಧಾನದ ಅಧ್ಯಯನಗಳನ್ನಷ್ಟೇ ಗಣಿಸಿದರೆ ಪ್ರತ್ಯೇಕ ಶಾಲೆಗಳಿಂದ ಆಗುವ ಲಾಭ ಅತ್ಯಲ್ಪವೆಂದು ಹೇಳಿತು. ಆದರೆ ಮಕ್ಕಳನ್ನು ಚೀಟಿ ಎತ್ತಿದಂತೆ ಶಾಲೆಗಳಿಗೆ ಹಂಚುವ ಪದ್ಧತಿಯಿದ್ದ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಪ್ರತ್ಯೇಕ ಶಾಲೆಗಳವರ ಪರೀಕ್ಷಾ ಫಲಿತಾಂಶ ಮೇಲಾಗಿ ಕಂಡಿತು. ಫಲ ಕೊಡುವುದು ಶಾಲೆಯ ಗೋಡೆಯಲ್ಲ, ಒಳಗಿನ ನಡವಳಿಕೆ ಎಂಬುದಕ್ಕೆ ಮುಂಬಯಿಯಲ್ಲೇ ಪುರಾವೆಯಿದೆ. 2008ರಿಂದ ನಗರದ ಪಾಲಿಕೆ ಶಾಲೆಗಳಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಕೋರೋ ಸಂಸ್ಥೆಗಳ ಸಹಯೋಗದಲ್ಲಿ ನಡೆದ 'ಜೆಮ್ಸ್' ಕಾರ್ಯಕ್ರಮದಲ್ಲಿ, ಆರು-ಏಳನೆಯ ತರಗತಿಯ ಹುಡುಗ ಹುಡುಗಿಯರು ಮನೆಗೆಲಸದ ಹಂಚಿಕೆ, ಹಿಂಸೆ, ಮದುವೆಯ ವಯಸ್ಸುಗಳ ಬಗ್ಗೆ ಆಟ ಮತ್ತು ಚರ್ಚೆಗಳ ಮೂಲಕ ಯೋಚಿಸಿದರು. ಶಾಲಾಮಟ್ಟದ ಪ್ರಚಾರವಷ್ಟೇ ನಡೆದ ಕಡೆಗಿಂತ, ತರಗತಿಯಲ್ಲಿ ಕೂತು ಚರ್ಚಿಸಿದ ಮಕ್ಕಳಲ್ಲೇ ಸಮಾನತೆಯ ಮನೋಭಾವ ಹೆಚ್ಚು ಬೆಳೆಯಿತು.

ಶಾರದಾ ಸದನದಿಂದ ಪಾಲಿಕೆ ಶಾಲೆಗಳವರೆಗೆ ಈ ನಗರ ಕಲಿಸುವ ಪಾಠ ಒಂದೇ. ಆತ್ಮವಿಶ್ವಾಸವನ್ನು ಉಪದೇಶದಿಂದ ತುಂಬಲಾಗದು. ಹುಡುಗಿ ತಾನೇ ಮಾಡಿ, ತಪ್ಪಿ, ತಿದ್ದಿಕೊಂಡು ಗೆದ್ದಾಗ ಅದು ಅವಳದಾಗುತ್ತದೆ. ಮಗಳಿಗೆ ಶಾಲೆ ಆರಿಸುವ ತಂದೆ-ತಾಯಿಯರು ಫಲಿತಾಂಶದ ಫಲಕವನ್ನು ನೋಡಿದ ಮೇಲೆ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಇಲ್ಲಿ ಹುಡುಗಿ ತಪ್ಪು ಉತ್ತರ ಹೇಳಿದರೆ ಏನಾಗುತ್ತದೆ? ಅವಳ ಕೈಗೆ ಯಾವ ಜವಾಬ್ದಾರಿ ಸಿಗುತ್ತದೆ?